ಮಣ್ಣೂರಿನ ಮನೆಯಳಿಯ ಹೇಳಿದ ಹಸಿರು ಹುಳದ ಸಂಗತಿ

ಜೇವರ್ಗಿಯ ಕಲ್ಲಿನಾಥ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮಣ್ಣೂರಿನ ಶಾಂತಲಿಂಗಪ್ಪನವರ ಒಬ್ಬಳೇ ಮಗಳು ಶೈಲಶ್ರೀಯನ್ನು ಮದುವೆಯಾಗಿ, ಆ ಮನೆಯಲ್ಲೇ ಉಳಿದವನು. ಮನೆಯಳಿಯನಾಗುವುದು ತಪ್ಪಲ್ಲ. ಹಾಗೆ ಬಂದವರು ಎಷ್ಟೋ ಮಂದಿ ಹೊಲ ತಿದ್ದಿದ್ದಾರೆ, ಮಾವನಿಗೆ ಎದುರು ಮಾತೂ ಆಡಿದ್ದಾರೆ. ಕಲ್ಲಿನಾಥ ಎರಡನ್ನೂ ಮಾಡಲಿಲ್ಲ. ಮಾವ ಕೊಡಿಸಿದ ಬೈಕಿನ ಮೇಲೆ ಅಫಜಲಪುರಕ್ಕೆ ಹೋಗಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳುತ್ತಿದ್ದ. ಮಾವ ನಕ್ಕರೆ ನಗುತ್ತಿದ್ದ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಆಳಂದದ ಕಾಲೇಜೊಂದು ಅವನನ್ನು ಕಾಯಂ ಕೆಲಸಕ್ಕೆ ಕರೆಯಿತು. ಅರ್ಜಿ ಹಾಕಿಸಿದವಳು ಶೈಲಶ್ರೀ. ಮದುವೆಯಾದ ಮೇಲೂ ಸಾರಿಗೆ ಎಷ್ಟು ಖಾರ ಎಂದು ಅಪ್ಪನನ್ನೇ ಕೇಳಬೇಕಾಗಿದ್ದ ಅವಳಿಗೆ ತನ್ನದೊಂದು ಮನೆ ಬೇಕಿತ್ತು. ಆಳಂದದಲ್ಲಿ ಎರಡು ಕೋಣೆಗಳ ಮನೆಯನ್ನೂ ನೋಡಿಬಂದಿದ್ದಳು. ಗಂಡ ಸೋಮವಾರದೊಳಗೆ ಹೂಂ ಅನ್ನಬೇಕಿತ್ತು, ಅಷ್ಟೇ.

ಭಾನುವಾರ ಮನೆಗೆ ಮಾವನ ಕಡೆಯ ದೂರದ ಬೀಗರು ಬಂದರು. ಊಟದ ನಂತರ ಪಡಸಾಲೆಯಲ್ಲಿ ಕಲ್ಲಿನಾಥ ತನಗೆ ಬರುತ್ತಿದ್ದ ಒಂದೇ ಬಗೆಯ ಹರಟೆಗೆ ಇಳಿದ. ದೂರದ ಕಡಲಿನಲ್ಲಿ ಬೊನೇಲಿಯಾ ಎಂಬ ಹಸಿರು ಹುಳವಿದೆಯಂತೆ. ಅದರ ಮರಿ ಹುಟ್ಟುವಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ. ನೀರಿನಲ್ಲಿ ತೇಲುತ್ತ ಬರಿಯ ನೆಲಕ್ಕೆ ಇಳಿದರೆ ಬೆಳೆದು ಹೆಣ್ಣಾಗುತ್ತದೆ. ಬೆಳೆದ ಹೆಣ್ಣಿನ ಮೈಗೆ ತಾಗಿದರೆ ಬೆಳವಣಿಗೆಯೇ ನಿಂತು, ಎಳ್ಳಿನಷ್ಟು ಗಾತ್ರದ ಗಂಡಾಗಿ ಅವಳೊಳಗೇ ಸೇರಿಕೊಳ್ಳುತ್ತದೆ. ಅದಕ್ಕೆ ಬಾಯಿಯಿಲ್ಲ. ಅವಳ ಮೈಯಿಂದಲೇ ಅದರ ಹೊಟ್ಟೆಪಾಡು, ಸಾಯುವತನಕ.

ಬೀಗರು ಕಲ್ಲಿನಾಥನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು.

ಶಾಂತಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ನಮ್ಮ ಮನ್ಯಾಗೂ ಒಂದು ಅದರಿ. ಇದಕ್ಕ ಬಾಯಿ ಅದ, ಅಷ್ಟೇ ಫರಕ."

"ಇರಾಕ ಸಾಧ್ಯ ಇಲ್ರಿ ಮಾಮಾ," ಎಂದ ಕಲ್ಲಿನಾಥ. "ಅದು ಉಪ್ಪುನೀರಿಂದು."

ಎಲ್ಲರೂ ನಕ್ಕರು. ತನ್ನ ಮಾತು ರುಚಿಸಿತೆಂದು ಅವನೂ ನಕ್ಕ.

ಬಾಗಿಲ ಹಿಂದಿದ್ದ ಶೈಲಶ್ರೀ ನಗಲಿಲ್ಲ. ಬೀಗರು ಹೋದ ಮೇಲೆ, ಒಳಗೆ ಸೇರಿದ ಆ ಹುಳ ಮತ್ತೆ ಹೊರಗೆ ಬಂದೀತೇ ಎಂದು ಕೇಳಿದಳು. ಅವನು ಉತ್ಸಾಹದಿಂದ ವಿವರಿಸಿದ: ಒಳಗೆ ಹೋದದ್ದು ಬರುವುದಿಲ್ಲ. ತಾಗಿದ ಸ್ವಲ್ಪ ಹೊತ್ತಿಗೇ ಬಿಡಿಸಿದರೆ ಬದುಕುತ್ತದೆ, ಆದರೆ ಅರ್ಧ ಗಂಡು, ಅರ್ಧ ಹೆಣ್ಣು. ಹಾಗೆ ಪ್ರಯೋಗ ಮಾಡಿ ನೋಡಿದ್ದಾರೆ.

"ನಾಳೆ ಆಳಂದಕ್ಕ ಹೋಗಿ ಹೂಂ ಅಂದು ಬರ್ರಿ," ಎಂದಳು.

"ಮಾಮಾಗ ಒಂದು ಮಾತು ಕೇಳ್ತೇನಿ."

ಕೇಳಿದ. ಕಬ್ಬು ಕಡಿಯುವವರ ಮೇಲೆ ನಿಗಾ ಇಡಲು ಯಾರಿದ್ದಾರೆ ಎಂದು ಮಾವ ತಲೆಯೆತ್ತದೆ ಮರುಪ್ರಶ್ನೆ ಹಾಕಿದರು. ಎಂ.ಎಸ್ಸಿ. ಕಲಿತ ಕಲ್ಲಿನಾಥ ಕೊಡೆ ಹಿಡಿದು ಹೊಲಕ್ಕೆ ನಡೆದ. ಸೋಮವಾರ ಹಾಗೇ ಮುಗಿಯಿತು.

ಮಂಗಳವಾರ ಶೈಲಶ್ರೀ ಬಸ್ಸು ಹತ್ತಿ ಆಳಂದಕ್ಕೆ ಹೋದಳು. ಆ ಎರಡು ಕೋಣೆಗಳ ಒಡತಿ ಕುಲಸುಮಬಿ, ಯಜಮಾನರು ಎಲ್ಲಿ ಎಂದು ಕೇಳಿದಾಗ, ಮನೆ ತನಗೊಬ್ಬಳಿಗೇ ಎಂದು ಶೈಲಶ್ರೀ ಹೇಳಿದಳು. ಶಿಶುವಿಹಾರವೊಂದರಲ್ಲಿ ಕಲಿಸುವ ಕೆಲಸ ಹಿಡಿದಳು.

ಕೆಲವು ವಾರಗಳ ಬಳಿಕ ಕಲ್ಲಿನಾಥ ಮಾವನ ಜೀಪಿನಲ್ಲಿ ಬಂದು ಹೊಸ್ತಿಲ ಹೊರಗೆ ನಿಂತ.

"ಮಾಮಾ ನಿನ್ನ ಕರ್ಕೊಂಡು ಬಾ ಅಂದಾರ."

"ನೀವೇನಂತೀರಿ?"

ಅವನು ತುಸು ಯೋಚಿಸಿ, ಜೇಬಿನಿಂದ ಫೋನ್ ತೆಗೆದು ಮಾವನಿಗೆ ಹಚ್ಚಿದ. ಆ ಕಡೆಯಿಂದ ದನಿ ಬರುವ ಮೊದಲೇ ಶೈಲಶ್ರೀ ಒಳಗೆ ಹೋಗಿ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.