ಒಕ್ಕೊರಲಿನ ಸಂದೇಹ

ನಾನು ಕನ್ನಡ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದೆ ನಾನು ಬಹುಪಾಲು ಗಣಿತದ ಪಕ್ಕದಲ್ಲೇ ನಿಂತಿರುತ್ತೇನೆ. ನೋಡಿದವರು ತಪ್ಪು ತಿಳಿಯಬಾರದು.

ಕೊಣನೂರಿನ ಆಚೆ, ಬಸ್ಸು ತಿರುಗಿಸಿಕೊಂಡು ವಾಪಸ್ಸು ಹೊರಡುವ ಜಾಗದಲ್ಲಿ ನಮ್ಮ ಹೈಸ್ಕೂಲು. ಅಲ್ಲಿಯ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಬರುವ ತನಕ ಯಾರಾದರೂ ನೋಡಿಕೊಳ್ಳಬೇಕಲ್ಲ ಎಂದು ಹೆಡ್ ಮಾಸ್ಟರು ಸ್ಟಾಫ್ ರೂಮಿನ ಸುತ್ತ ಕಣ್ಣಾಡಿಸಿದರು. ಹಿಂದಿ ಮೇಡಂ ಸರಿಯಾಗಿ ಆ ಹೊತ್ತಿಗೇ ನೀರಿನ ಬಾಟಲಿ ಎತ್ತಿದರು. ಸಮಾಜದ ಮೇಷ್ಟ್ರಿಗೆ ಕಿಟಕಿಯಾಚೆ ಅತ್ಯಂತ ಮಹತ್ವದ್ದೇನೋ ಕಾಣಿಸಿತು. ನಾನು ಮಾತ್ರ ಪೆದ್ದುಪೆದ್ದಾಗಿ ಹೆಡ್ ಮಾಸ್ಟರ ಮುಖವನ್ನೇ ನೋಡುತ್ತ ಕೂತಿದ್ದೆ.

"ನೀವೇ ನೋಡ್ಕಳಿ ಮೇಷ್ಟ್ರೇ. ಛಂದಸ್ಸು ಮಾಡ್ತೀರಲ್ಲ. ಮಾತ್ರೆ ಎಣಿಸೋದು, ಗಣ ವಿಂಗಡಿಸೋದು. ಇದೂ ಎಣಿಸೋದೇ ತಾನೆ?"

ಹೀಗೆ ನಾನು ಒಂಬತ್ತನೇ ತರಗತಿಯ ಗಣಿತದ ಸಿಂಹಾಸನವನ್ನೇರಿದೆ. ಆ ಆಳ್ವಿಕೆಯ ವೈಭವವನ್ನು ವರ್ಣಿಸಲಾರೆ. ಮನೆಯಲ್ಲಿ ಲೆಕ್ಕವನ್ನು ಪದ್ಯದಂತೆ ಬಾಯಿಪಾಠ ಮಾಡಿಕೊಂಡು ಬಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಪುಸ್ತಕದಲ್ಲಿರುವ ಅಂಕಿಯನ್ನು ಬದಲಾಯಿಸಿ ಯಾರಾದರೂ ಕೇಳಿದ್ದರೆ ಅಲ್ಲಿಗೆ ಸಾಮ್ರಾಜ್ಯ ಪತನ. ಪುಣ್ಯಕ್ಕೆ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. "ಅರ್ಥ ಆಯ್ತೇನ್ರೋ?" ಎಂದರೆ "ಆಯ್ತೂ ಸಾ" ಎಂದು ಇಡೀ ಕ್ಲಾಸು ಒಂದೇ ರಾಗದಲ್ಲಿ ಹೇಳುತ್ತಿತ್ತು. ಆ ರಾಗವನ್ನು ತಿದ್ದಿ ತೀಡಿ ಕಲಿಸಿದವನೂ ನಾನೇ. ಅಪಸ್ವರ ಬಂದರೆ ಇನ್ನೊಮ್ಮೆ ಹೇಳಿಸುತ್ತಿದ್ದೆ.

ಇಂಥ ಸಂಕಟದ ಕಾಲದಲ್ಲಿ ಹಾಸನದಿಂದ ಜೀಪಿನಲ್ಲಿ ಪರದೆ ಬಂತು. ಗೋಡೆಗೆ ದೊಡ್ಡ ಟಿವಿ, ಅದರ ನೆತ್ತಿಯ ಮೇಲೊಂದು ಕ್ಯಾಮರಾ, ಮೇಜಿನ ಮೇಲೆ ತಟ್ಟೆ ಇಡ್ಲಿಯಷ್ಟು ದಪ್ಪದ ಮೈಕು. ಹಾಸನದ ಒಂದು ಕೋಣೆಯಲ್ಲಿ ಗಣಿತದ ಮಿಸ್ ನಿಂತು ಪಾಠ ಮಾಡುತ್ತಾರೆ. ಹೊಳೆನರಸೀಪುರದ ಕಡೆಯದೊಂದು ಶಾಲೆ, ಚನ್ನರಾಯಪಟ್ಟಣದ ಕಡೆಯದೊಂದು ಶಾಲೆ, ಅರಕಲಗೂಡು ತಾಲೂಕಿನಿಂದ ನಾವು, ಮೂರೂ ಕಡೆಯವರು ಕೂತಲ್ಲೇ ಕೇಳಿಸಿಕೊಳ್ಳಬೇಕು, ಕೂತಲ್ಲೇ ಮಾತಾಡಬೇಕು. ವೈರು ಎಳೆದವರು ಹೊರಡುವಾಗ ಇನ್ನೊಂದು ಮಾತು ಹೇಳಿದರು. ಯಾರ ಕಡೆಯಿಂದ ಸದ್ದು ಬರುತ್ತದೋ ಅವರ ಚಿತ್ರ ಎಲ್ಲರ ಪರದೆಯ ಮೇಲೂ ದೊಡ್ಡದಾಗುತ್ತದಂತೆ. ಎಂಥ ಅಸ್ತ್ರವನ್ನು ಎಂಥವರ ಕೈಗೆ ಕೊಟ್ಟು ಹೋಗುತ್ತಿದ್ದೇವೆಂದು ಆ ಪುಣ್ಯಾತ್ಮರಿಗೆ ತಿಳಿದಿರಲಿಲ್ಲ.

ಮೊದಲ ದಿನ ಮಕ್ಕಳನ್ನು ಕೂರಿಸಿ ಉಪದೇಶ ಮಾಡಿದೆ. "ಟಿವಿ ಅಂತ ಕಾಲು ಚಾಚ್ಕೊಂಡು ಕೂತ್ರೆ ಜೋಕೆ. ಅದರೊಳಗೆ ಬರೋರು ಗುರುಗಳು. ಗುರುಗಳು ಕ್ಲಾಸಿಗೆ ಬಂದ್ರೆ ಏನ್ ಮಾಡ್ತೀರಿ?"

"ಎದ್ ನಿಂತ್ಕತೀವಿ ಸಾ! ನಮಸ್ತೆ ಅಂತೀವಿ ಸಾ!"

"ಇಲ್ಲೂ ಅದೇ."

ಪರದೆ ಬೆಳಗಿತು, ಮಿಸ್ ಕಾಣಿಸಿದರು, ಕ್ಲಾಸು ಎದ್ದಿತು. "ನಮಸ್ತೇ ಮಿಸ್" ಎಂಬ ನಮ್ಮ ರಾಗ ಹಾಸನ ಮುಟ್ಟಿತು. ಮಿಸ್ಸಿನ ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ಆಕೆ ಕೈಮುಗಿದವರೇ ನೇರವಾಗಿ ರೇಖಾಗಣಿತಕ್ಕೆ ಕೈಹಾಕಿದರು. ಕೂತ್ಕೊಳ್ಳಿ ಎನ್ನಲಿಲ್ಲ. ಗುರುಗಳು ಕೂತ್ಕೊಳ್ಳಿ ಎನ್ನದೆ ಕೂರುವವರು ನಮ್ಮ ಶಾಲೆಯಲ್ಲಿಲ್ಲ. ಪಾಠ ಒಂದಷ್ಟು ದೂರ ಹೋದ ಮೇಲೆ ಮಿಸ್ ಕನಿಕರದಿಂದ ಕೇಳಿದರು: "ಅರಕಲಗೂಡಿನ ಸರ್, ನಿಮ್ಮ ಶಾಲೇಲಿ ಬೆಂಚುಗಳಿಲ್ವಾ?"

"ಇದಾವೆ ಮೇಡಂ. ಕೂತ್ಕಳ್ರೋ!" ಎಂದು ಹಿಂದಿನ ಬೆಂಚಿನಿಂದ ಕೂಗಿದೆ. ಸದ್ದಿನ ನಿಯಮದಂತೆ ನಾನು ಬಾಯಿ ತೆರೆದ ಭಂಗಿಯಲ್ಲಿ ಮೂರು ತಾಲೂಕಿಗೂ ದರ್ಶನ ಕೊಟ್ಟೆ.

ಆಮೇಲೆ ನೆಟ್ ಹೋಯಿತು. ಮಿಸ್ ಕೈ ಎತ್ತಿದಂತೆಯೇ ಕಲ್ಲಾದರು. ಮೊಸಳೆ ಎಂಬ ಊರಿನ ಹಳೇ ದೇವಸ್ಥಾನದ ಗೋಡೆಯ ಮೇಲಿನ ಕಲ್ಲಿನ ಹೆಂಗಸರೂ ಅಷ್ಟು ಅಲುಗಾಡದೆ ನಿಂತಿಲ್ಲ. ಬಿಸಿಯೂಟದ ಅಕ್ಕ ಸೌಟು ಹಿಡಿದುಕೊಂಡೇ ಕಿಟಕಿಯಲ್ಲಿ ಇಣುಕಿದರು.

"ಯಾಕ್ ಮೇಷ್ಟ್ರೇ, ಆಯಮ್ಮ ಅಂಗೇ ನಿಂತ್ಬುಟ್ಲು? ಕೈ ನೋಯಾಕಿಲ್ವಾ?"

"ನೆಟ್ ಹೋಗಿದೆ ಅಕ್ಕ."

"ಬರಗಂಟ ಕೈನಾದ್ರೂ ಇಳಿಸ್ಬಾರ್ದಾ!"

ಅಷ್ಟರಲ್ಲಿ ನೆಟ್ ಬಂತು. ಮಿಸ್ ಜೀವ ತಳೆದು ಕೈ ಇಳಿಸಿದರು. ಕ್ಲಾಸು ಧಡಾರನೆ ಎದ್ದಿತು. "ನಮಸ್ತೇ ಮಿಸ್!" ಮಕ್ಕಳ ತರ್ಕದಲ್ಲಿ ತಪ್ಪು ಹುಡುಕಲಾರೆ. ನಾನು ಚಾಕ್‌ಪೀಸು ತರಲು ಹೊರಗೆ ಹೋಗಿ ಬಂದರೂ ಅವರು ಎದ್ದು ನಮಸ್ತೆ ಹೇಳುತ್ತಾರೆ. ಹೋದ ಗುರು ಮತ್ತೆ ಬಂದರೆ ಹೊಸ ನಮಸ್ತೆ. ಆ ದಿನ ನೆಟ್ ಹೋಗಿ ಬಂದಷ್ಟು ಸಲವೂ ನಮ್ಮ ಶಾಲೆ ಎದ್ದಿತು, ಮೊಳಗಿತು, ಮೂರು ತಾಲೂಕಿಗೂ ದೊಡ್ಡದಾಗಿ ಕಾಣಿಸಿತು, ನನ್ನ "ಕೂತ್ಕಳ್ರೋ"ದೊಂದಿಗೆ ಕೂತಿತು.

ಮಿಕ್ಕ ಎರಡು ಶಾಲೆಯವರು ಇದನ್ನು ಸುಮ್ಮನೆ ನೋಡಿಕೊಂಡಿರುತ್ತಾರೆಯೇ? ಮಾರನೆಯ ಪಾಠಕ್ಕೆ ಹೊಳೆನರಸೀಪುರದವರು ನಮಸ್ತೆಯ ಕೊನೆಯ ಅಕ್ಷರವನ್ನು ನಮಗಿಂತ ಉದ್ದ ಎಳೆದು ಪರದೆಯನ್ನು ಕಿತ್ತುಕೊಂಡರು. ಚನ್ನರಾಯಪಟ್ಟಣದವರು ನಮಸ್ತೆಗೆ ಶುಭೋದಯವನ್ನೂ ಸೇರಿಸಿದರು. ನಮ್ಮವರು ಪ್ರಾರ್ಥನೆ ಮುಗಿದ ಮೇಲೆ ನಲ್ಲಿಯ ಹತ್ತಿರ ಗುಟ್ಟಾಗಿ ತಾಲೀಮು ನಡೆಸಿದರು. ಹಾಸನದಲ್ಲಿ ಮಿಸ್ಸಿನ ತ್ರಿಭುಜ ಎರಡು ಬಾಹುಗಳ ಮೇಲೆ ನಿಂತುಕೊಂಡು ಮೂರನೆಯದಕ್ಕೆ ಮುಹೂರ್ತ ಕಾಯುತ್ತಿತ್ತು.

ನನಗಂತೂ ಸುಖವೋ ಸುಖ. ಗಣಿತದ ಭಾರ ಹಾಸನದ ಹೆಗಲಿಗೆ ಹೋಗಿತ್ತು. ನಮಸ್ತೆಗಳ ನಡುವೆ ಆಕೆ ಹೇಳಿದಷ್ಟೂ ಚೆನ್ನಾಗಿ ಹೇಳುತ್ತಿದ್ದರು. ಮಕ್ಕಳಿಗೆ ತಿಳಿಯುತ್ತಿತ್ತು, ಕೊನೆಯ ಬೆಂಚಿನಲ್ಲಿ ಕೂತ ನನಗೂ ಸ್ವಲ್ಪ ಸ್ವಲ್ಪ ತಿಳಿಯತೊಡಗಿತ್ತು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಹೆಡ್ ಮಾಸ್ಟರ ಬಾಯಿಂದ. "ಮುಂದಿನ ವಾರ ಇಲಾಖೆ ಆಫೀಸರು ಹಾಸನದಲ್ಲಿ ಮಿಸ್ ಪಕ್ಕದಲ್ಲೇ ಕೂತು ನೋಡ್ತಾರಂತೆ ಮೇಷ್ಟ್ರೇ. ನಮ್ಮ ಮಕ್ಕಳು ಬರೀ ನಮಸ್ತೆ ಹೇಳ್ತಾವಂತೆ, ಒಂದಾದ್ರೂ ಪ್ರಶ್ನೆ ಕೇಳಿಲ್ವಂತೆ. ಮಾತುಕತೆ ಆಗ್ಲಿ ಅಂತ ಇಟ್ಟಿರೋದಂತೆ ಇದನ್ನ. ಅವತ್ತೂ ಒಂದು ಮಗು ತಾನಾಗೇ ಕೇಳ್ಲಿಲ್ಲ ಅಂದ್ರೆ ಪರದೆ ಬಿಚ್ಚಿ ಬೇರೆ ಸ್ಕೂಲಿಗೆ."

"ಆಮೇಲೆ ಗಣಿತ?"

ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ನನ್ನ ಕಣ್ಣಮುಂದೆ ಸಿಂಹಾಸನ ಮತ್ತೆ ಬಂದು ನಿಂತಿತು. ಮಕ್ಕಳಿಗೆ ನಾನೇ ಗತಿ, ನನಗೆ ದೇವರೇ ಗತಿ.

ಇನ್ಸ್‌ಪೆಕ್ಷನ್ ಎಂದರೇನೆಂದು ತಿಳಿಯದವನಲ್ಲ ನಾನು. ಒಳ್ಳೆಯ ಗಂಟಲಿನ ಹುಡುಗನೊಬ್ಬನನ್ನು ಆರಿಸಿ, ಒಂದು ಪ್ರಶ್ನೆ ಬರೆದುಕೊಟ್ಟು, ಬಾಯಿಪಾಠ ಮಾಡಿಸುವುದು ಪರಂಪರೆಯಿಂದ ಬಂದ ಕ್ರಮ. ಪ್ರಶ್ನೆಯನ್ನು ನಾನೇ ರಚಿಸಿದೆ. "ಮಿಸ್, ನನಗೊಂದು ಸಂದೇಹ. ತ್ರಿಭುಜದ ಯಾವುದೇ ಎರಡು ಬಾಹುಗಳ ಮೊತ್ತವು ಮೂರನೆಯ ಬಾಹುವಿಗಿಂತ ಅಧಿಕವಾಗಿರಲು ಕಾರಣವೇನು?" ಸಂದೇಹ ಎಂಬಲ್ಲಿ ತಲೆ ಕೊಂಚ ವಾಲಿಸಬೇಕು, ಕಾರಣವೇನು ಎಂಬಲ್ಲಿ ಸ್ವರ ಏರಬೇಕು. ವಾರವಿಡೀ ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಹೇಳಿಸಿದೆ. ಮಿಕ್ಕವರು ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತಿದ್ದಾರೆಂದು ನಾನು ತಿಳಿದಿದ್ದೆ.

ಆ ದಿನ ಹೆಡ್ ಮಾಸ್ಟರು ಕೋಟು ತೊಟ್ಟು ಬಾಗಿಲ ಬಳಿ ದ್ವಾರಪಾಲಕರಾದರು. ಪರದೆಯಲ್ಲಿ ಮಿಸ್, ಪಕ್ಕದ ಕುರ್ಚಿಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡ ಆಫೀಸರು. ನಮಸ್ತೆಗಳು ಸಾಂಗವಾಗಿ ನೆರವೇರಿದವು. ನೆಟ್ ಎಂದೂ ಇಲ್ಲದಷ್ಟು ಚೆನ್ನಾಗಿತ್ತು. ಪಾಠದ ನಡುವೆ ಮಿಸ್ ಕೇಳಿದರು: "ಅರಕಲಗೂಡಿನವರು, ಯಾರಾದ್ರೂ ಏನಾದ್ರೂ ಕೇಳೋದಿದ್ಯಾ?"

ನಾನು ಕೆಮ್ಮಿದೆ. ಅದು ಸಂಕೇತ.

ಹುಡುಗ ಎದ್ದ. ಅವನ ಜೊತೆಗೆ ಇಡೀ ಕ್ಲಾಸು ಎದ್ದಿತು.

"ಮಿಸ್, ನನಗೊಂದು ಸಂದೇಹ!" ಎಲ್ಲ ತಲೆಗಳೂ ಒಂದೇ ಕಡೆ ವಾಲಿದವು. "ತ್ರಿಭುಜದ ಯಾವುದೇ ಎರಡು ಬಾಹುಗಳ ಮೊತ್ತವು..." ಒಂದಕ್ಷರ ಲೋಪವಿಲ್ಲ, ಒಂದು ಅಪಸ್ವರವಿಲ್ಲ. ಕಾರಣವೇನು ಎಂಬಲ್ಲಿ ಸ್ವರ ಏರಿದ ರಭಸಕ್ಕೆ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು. ಕಿಟಕಿಯಲ್ಲಿ ಬಿಸಿಯೂಟದ ಅಕ್ಕನ ತುಟಿಯೂ ಅಲುಗುತ್ತಿತ್ತು.

ಹಾಸನದಲ್ಲಿ ಆಫೀಸರು ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದರು. "ಈ ಸಂದೇಹ ನಿಮಗೆಲ್ಲಾ ಒಟ್ಟಿಗೇ ಬಂತಾ?"

"ಬಂತೂ ಸಾ!"

ಹೊಳೆನರಸೀಪುರದವರು ಬಿದ್ದು ಬಿದ್ದು ನಕ್ಕರು. ಆ ಸದ್ದಿಗೆ ಅವರ ಹಲ್ಲುಗಳೇ ಪರದೆ ತುಂಬ ಬಂದವು. ಹೆಡ್ ಮಾಸ್ಟರು ಕೋಟಿನ ತುದಿಯಲ್ಲಿ ಮುಖ ಒರೆಸಿಕೊಂಡರು. "ಮುಗೀತು ಮೇಷ್ಟ್ರೇ. ಚಾಕ್‌ಪೀಸ್ ತೆಗೆದಿಟ್ಕಳಿ" ಎಂದು ಪಿಸುಗುಟ್ಟಿದರು.

ಮಿಸ್ ಒಳ್ಳೆಯವರು. ನಮ್ಮ ಮಾನ ಉಳಿಸಲೆಂದೋ ಏನೋ, ಬೋರ್ಡಿನ ಮೇಲೆ ತ್ರಿಭುಜ ಬರೆದು ಮೂಲೆಗೊಂದು ಊರಿನ ಹೆಸರಿಟ್ಟರು. "ಸರಿ, ಉತ್ತರ ನೀವೇ ಹೇಳಿ. ಅರಕಲಗೂಡಿಂದ ಚನ್ನರಾಯಪಟ್ಟಣಕ್ಕೆ ನೇರವಾಗಿ ಹೋಗೋದು ಹತ್ರಾನೋ, ಹೊಳೆನರಸೀಪುರ ಮುಟ್ಕೊಂಡು ಹೋಗೋದು ಹತ್ರಾನೋ?"

"ನೇರಾ ಮಿಸ್!" ಎಂದವು ಮೂರು ತಾಲೂಕುಗಳು.

"ಎಲ್ಲರಿಗೂ ಅರ್ಥ ಆಯ್ತಾ?"

"ಆಯ್ತೂ ಮಿಸ್!"

"ಇಲ್ಲ ಮಿಸ್."

ಸಣ್ಣ ದನಿ, ನಮ್ಮ ಗೋಡೆ ಬದಿಯ ಬೆಂಚಿನಿಂದ. ನಮ್ಮ ಶಾಲೆಯ ಚರಿತ್ರೆಯಲ್ಲಿ ಆ ಎರಡು ಪದಗಳನ್ನು ಯಾರೂ ಉಚ್ಚರಿಸಿರಲಿಲ್ಲ. ನೋಡಿದರೆ, ಯಾವಾಗಲೂ ಜಡೆಯ ತುದಿ ಕಚ್ಚಿಕೊಂಡು ಕೂರುವ ಹುಡುಗಿ. ಎದ್ದೂ ನಿಂತಿಲ್ಲ! ಎದ್ ನಿಂತ್ಕೊಂಡು ಮಾತಾಡೇ ಎನ್ನಲು ಬಾಯಿ ತೆರೆದವನು ಹೇಗೋ ನುಂಗಿಕೊಂಡೆ.

"ಯಾಕಮ್ಮ ಇಲ್ಲ?" ಎಂದರು ಮಿಸ್.

"ನೇರಕ್ಕೆ ಬಸ್ಸೇ ಇಲ್ವಲ್ಲ ಮಿಸ್. ನಮ್ಮತ್ತೆ ಮನೆ ಚನ್ರಾಯಪಟ್ನದ್ ತಾವ ಇರೋದು. ನಾನೂ ನಮ್ಮಜ್ಜೀನೂ ಯಾವಾಗ್ಲೂ ಒಳೆನರಸೀಪುರದ್ ಮೇಲೇ ಓಗೋದು. ಅಲ್ಲಿಗೆ ಬರೋ ಒತ್ಗೆ ನಂಗೆ ವಾಂತಿ ಆಯ್ತದೆ."

ಕ್ಲಾಸು ಕಿಸಕ್ಕೆಂದಿತು. ಅವಳು ತಿರುಗಿ "ನಗ್ಬೇಡ್ರಲಾ, ನೀವ್ ಓಗ್ ನೋಡಿ ಗೊತ್ತಾಯ್ತದೆ" ಎಂದು ಗದರಿಸಿ ಮತ್ತೆ ಪರದೆಗೆ ತಿರುಗಿದಳು. "ಅಲ್ಲಾ ಮಿಸ್, ರಸ್ತೆ ಸೊಟ್ಟಂಪಟ್ಟ ಓಯ್ತದೆ. ನೀವು ನೆಟ್ಟಗೆ ಗೆರೆ ಎಳ್ದು ಇದೇ ಹತ್ರ ಅಂದ್ರೆ, ಅದು ಯಾರಿಗ್ ಹತ್ರ?"

ಮಿಸ್ ಒಂದು ಕ್ಷಣ ತಮ್ಮ ತ್ರಿಭುಜವನ್ನೇ ನೋಡಿದರು. "ಕಾಗೆಗೆ" ಎಂದರು. "ಗೆರೆ ಅಂದ್ರೆ ಕಾಗೆ ಹಾರೋ ದಾರಿ."

"ಅಂಗಾರೆ ನಾವು ಓಗೋ ಸೊಟ್ಟ ದಾರಿ ಯಾವತ್ತಾದ್ರೂ ಕಾಗೆ ದಾರಿಗಿಂತ ಹತ್ರ ಆಗಾಕಿಲ್ವಾ?"

"ಯಾವತ್ತೂ ಆಗಲ್ಲ! ಎಷ್ಟೇ ತಿರುಗಿಸು, ಅದು ಉದ್ದವೇ. ಆಗ್ಲೇ ಎಲ್ಲಾರೂ ಒಟ್ಟಿಗೆ ಕೇಳಿದ್ರಲ್ಲ ಸಂದೇಹ, ಅದಕ್ಕೆ ಉತ್ತರ ಇದೇ ಕಣಮ್ಮ."

ಅಲ್ಲಿಂದ ಮುಂದೆ ಕಟ್ಟೆ ಒಡೆಯಿತು. ಹೊಳೆನರಸೀಪುರದ ಹುಡುಗನೊಬ್ಬ ಪರದೆಗೆ ಬಂದ: "ಯಾರೇ ಆಗ್ಲಿ, ನಮ್ಮೂರ್ ಬಸ್ ಸ್ಟಾಂಡ್ ಮುಟ್ದಲೆ ಮುಂದಕ್ ಓಗಂಗಿಲ್ಲ ಕಣ್ರಲಾ!"

"ಓಗಲೇ, ನಿಮ್ಮೂರ್ಗ್ ಯಾವನ್ ಬತ್ತಾನೆ?" ಇದು ಚನ್ನರಾಯಪಟ್ಟಣ. "ನಾವು ಹಾಸನದ್ ಮೇಲೆ ಓಯ್ತೀವಿ!"

"ಅದು ಇನ್ನೂ ಸುತ್ತು ಕಣ್ಲಾ!" ಇದು ನಮ್ಮ ಒಳ್ಳೆಯ ಗಂಟಲಿನ ಹುಡುಗ, ಬರೆದುಕೊಡದ ಮೊದಲ ವಾಕ್ಯ.

"ಸುತ್ತು ಅಂತ ಅಳ್ದಿದ್ದೀಯೇನ್ಲಾ?"

"ಮಿಸ್, ಹಾಸನಾನೂ ಬರೀರಿ ಮಿಸ್, ಅಳೆಯಣ!"

ಮಿಸ್ ಹಾಸನವನ್ನೂ ಬರೆದರು. ಬೋರ್ಡಿನ ಮೇಲೆ ತ್ರಿಭುಜಕ್ಕೊಂದು ತ್ರಿಭುಜ ಹುಟ್ಟಿತು. ಪರದೆ ತಾಲೂಕಿನಿಂದ ತಾಲೂಕಿಗೆ ಜಿಗಿಯುತ್ತ ತಲೆ ಸುತ್ತುವಂತಾಯಿತು. ಒಮ್ಮೆಗೇ ಆಫೀಸರು ಕುರ್ಚಿಯಿಂದೆದ್ದರು. "ತಡೀರಿ ತಡೀರಿ, ಚನ್ನರಾಯಪಟ್ಟಣದ ದಾರಿ ನನ್ನ ಕೇಳಿ, ನಾನು ಆ ಕಡೆಯವನೇ" ಎನ್ನುತ್ತ ಮಿಸ್ಸಿನ ಕೈಯಿಂದ ಪೆನ್ನು ಕಸಿದುಕೊಂಡು ಒಂದು ಸೊಟ್ಟ ಗೆರೆ ಎಳೆದರು. "ಹೀಗೆ ಹಳ್ಳಿಗಳ ಮೇಲೆ ಜೀಪಲ್ಲಿ ಬಂದ್ರೆ..."

"ಅದೂ ಕಾಗೆ ದಾರಿಗಿಂತ ಉದ್ದಾನೇ ಸಾ!" ಎಂದಳು ನಮ್ಮ ಹುಡುಗಿ.

ಆಫೀಸರು ಪೆನ್ನು ಹಿಡಿದು ನಿಂತರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ಕ್ಯಾಮರಾದ ಕಡೆ ತಿರುಗಿ, "ನೋಡಿ ಅರಕಲಗೂಡಿನವರೇ, ನಿಮ್ಮ ಪರದೆ ವಿಷಯ..." ಎಂದರು.

ನೆಟ್ ಹೋಯಿತು.

ಆಫೀಸರು ಬಾಯಿ ತೆರೆದಂತೆಯೇ ಕಲ್ಲಾದರು. ಆ ಬಾಯಿಯೊಳಗೆ ಹೌದು ಇತ್ತೋ ಅಲ್ಲ ಇತ್ತೋ, ಎಷ್ಟು ಇಣುಕಿದರೂ ತಿಳಿಯಲಿಲ್ಲ. ಹೆಡ್ ಮಾಸ್ಟರು ಪರದೆಯ ಹತ್ತಿರ ಹೋಗಿ ಅವರ ಹಲ್ಲುಗಳನ್ನೇ ಪರೀಕ್ಷಿಸಿದರು. "ಬೈಯೋ ಬಾಯಲ್ಲ ಕಣ್ರೀ ಇದು" ಎಂದರು. "ಒಗಳೋ ಬಾಯೂ ಅಲ್ಲ" ಎಂದರು ಕಿಟಕಿಯಿಂದ ಬಿಸಿಯೂಟದ ಅಕ್ಕ. "ಆಕಳಿಕೆ ಕಣ ಬುಡಿ."

ಪರದೆ ಮಿಟುಕಿತು. ಆಫೀಸರ ತುಟಿ ಅಲುಗಿತು. ಕ್ಲಾಸು ಎದ್ದಿತು, ಹೆಡ್ ಮಾಸ್ಟರು ನೆಟ್ಟಗಾದರು; ನನಗೇ ತಿಳಿಯದೆ ಕೊನೆಯ ಬೆಂಚಿನಲ್ಲಿ ನಾನೂ ಎದ್ದು ಕೈಕಟ್ಟಿ ನಿಂತಿದ್ದೆ.

"ನಮಸ್ತೇ ಸಾ!"

"ನಮಸ್ತೆ. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು ಆಫೀಸರು. ಹಾಸನದ ಕಡೆಯಿಂದ ಆ ಮಾತು ಬಂದದ್ದು ಅದೇ ಮೊದಲು. "ಪರದೆ ಅಲ್ಲೇ ಇರ್ಲಿ. ಇವತ್ತಿನ ಜಗಳ ಅರ್ಧಕ್ಕೆ ನಿಂತಿದೆ. ಮುಂದಿನ ಪಾಠಕ್ಕೆ ಮೂರು ಶಾಲೆಯವರೂ ನಕ್ಷೆ ತಂದು ಅಳೀಬೇಕು. ಆ ಬಸ್ಸಿನ ಹುಡುಗೀನ ಮೈಕಿನ ಹತ್ರ ಕೂರಿಸಿ ಮೇಷ್ಟ್ರೇ."

ಮಕ್ಕಳ ಕೇಕೆಗೆ ನಮ್ಮ ಶಾಲೆ ಮೂರು ತಾಲೂಕಿನಲ್ಲೂ ದೊಡ್ಡದಾಯಿತು. ಅದರ ಹಿಂಬದಿಯಲ್ಲಿ, ಎಲ್ಲರೂ ಕೂತ ಮೇಲೂ ಕೈಕಟ್ಟಿ ನಿಂತೇ ಇದ್ದ ಒಬ್ಬ ಕನ್ನಡ ಮೇಷ್ಟ್ರು ಸ್ಪಷ್ಟವಾಗಿ ಕಾಣುತ್ತಿದ್ದರು. ಜಡೆ ಕಚ್ಚುವ ಹುಡುಗಿ ಪರದೆಯಲ್ಲೇ ನನ್ನನ್ನು ನೋಡಿ, ತಿರುಗಿ, ನನ್ನದೇ ರಾಗದಲ್ಲಿ ಹೇಳಿದಳು:

"ನೀವೂ ಕೂತ್ಕಳಿ ಸಾ!"

ಕೂತೆ.