ತೊಳೆದು ಕುಡಿಯುವ ತಾಟು

ನಮ್ಮ ಮನೆಯಲ್ಲಿ ತಾಟಿನಲ್ಲಿ ಒಂದು ಅಗುಳು ಬಿಡುವಂತಿಲ್ಲ. ಉಂಡ ಮೇಲೆ ಅದೇ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ಉಣ್ಣುವುದೆಲ್ಲ ಶಿವನ ಪ್ರಸಾದ ಎಂದು ಅವ್ವ ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು.

ನನ್ನ ತಮ್ಮ ಮಿಲಿಟರಿಯಲ್ಲಿದ್ದ. ತೊಂಬತ್ತರ ದಶಕದಲ್ಲಿ ಅವನನ್ನು ಶಾಂತಿ ಕಾಯಲೆಂದು ಸೋಮಾಲಿಯಾಕ್ಕೆ ಕಳಿಸಿದರು. ಮರಳಿ ದಡ್ಡಿ ಊರಿನ ಹತ್ತಿರದ ನನ್ನ ತವರಿಗೆ ಬಂದವನು ಮೊದಲ ಊಟದಲ್ಲೇ ಅರ್ಧ ರೊಟ್ಟಿ ಬಿಟ್ಟು ಎದ್ದ.

“ಪ್ರಸಾದ ಬಿಟ್ಟ ಏಳ್ತಿಯೇನೋ?” ಎಂದಳು ಅವ್ವ.

ಅವನು ಕೈ ತೊಳೆದು ಹೊರಗೆ ಹೋದ. ಮರುದಿನವೂ ಬಿಟ್ಟ. ಜೀವಂತ ಬಂದನಲ್ಲ ಎಂದು ನಾನು ಶಿವನಿಗೆ ಕೈಮುಗಿದೆ. ಅವ್ವನಿಗೆ ಅದು ಸಾಲಲಿಲ್ಲ. ಮಗ ಧರ್ಮ ಕಳೆದುಕೊಂಡು ಬಂದನೆಂದು ಕೊರಗಿ, ಅವನಿಗೆ ತಾನು ಬಡಿಸುವುದನ್ನೇ ಬಿಟ್ಟಳು. ಅವನು ಪಿಂಚಣಿ ಪಡೆದು ಮನೆಗೆ ಬಂದ ಮೇಲೂ ಸೊಸೆಯೇ ಬಡಿಸಿದಳು.

ಅಮೆರಿಕದ ಆ ಎತ್ತರದ ಕಟ್ಟಡಗಳು ಬಿದ್ದ ವರ್ಷ, ಅವ್ವನ ಕಣ್ಣು ತೋರಿಸಲು ಅವಳೂ ತಮ್ಮನೂ ಗೋಕಾಕಿನ ನನ್ನ ಮನೆಗೆ ಬಂದಿದ್ದರು. ಟಿವಿಯಲ್ಲಿ ಅಫ್ಘಾನಿಸ್ತಾನದ ಗುಡ್ಡಗಳ ಮೇಲೆ ಬಾಂಬು ಬೀಳುತ್ತಿದ್ದವು.

“ಹಿಂಗ ಪುಡಿ ಮಾಡಬೇಕ ನೋಡು,” ಎಂದರು ನಮ್ಮ ಯಜಮಾನರು. “ಏನಪಾ ಮಿಲಿಟ್ರಿ, ಬಂದೂಕ ಸರಕಾರಕ್ಕ ಕೊಟ್ಟ ಬರುವಾಗ ನಾಲಿಗಿನೂ ಕೊಟ್ಟ ಬಂದಿಯೇನು?”

“ತಪ್ಪ ಮಾಡಿದವರನ್ನ ಹಿಡೀಬೇಕ್ರಿ ಮಾಮಾ, ಖರೆ. ಆದ್ರ ಹೊಡದ ಬಂದ್ರ ಮುಗೀತೇನ್ರಿ?” ಎಂದ ತಮ್ಮ. “ನಾ ಹೋಗಿದ್ದ ದೇಶದಾಗ ಸರಕಾರನ ಇರಲಿಲ್ಲ. ಬಂದೂಕ ಇದ್ದವಂದ ಬಾವಿ, ಅವಂದ ಅಕ್ಕಿ. ಹಸದವ್ರು ಅವನ ಹಿಂದ ಹೋಗತಿದ್ರು. ನಾವು ಒಂದ ಬಾವಿ ತೋಡಿಸಿ ಕಾವಲ ನಿಂತಿವಿ. ಮೊದಲ ದೊಡ್ಡ ದೇಶದವ್ರು ಹೊಂಟ ಹೋದ್ರು. ಆಮ್ಯಾಲ ನಮಗೂ ಹುಕುಂ ಬಂತು.”

ತಮ್ಮ ಟಿವಿಯಿಂದ ಮುಖ ತಿರುಗಿಸಿದ. “ಅಲ್ಲಿ ಒಬ್ಬಾಕಿ ಮುದುಕಿ ತಂತಿಬೇಲಿ ಹೊರಗ ಕುಂದರ್ತಿದ್ಲು. ನಮ್ಮ ತಾಟಿನಾಗ ಉಳದದ್ದು ಆಕಿಗೆ. ಮೊದಲ ದಿನ ನನಗ ಇದು ಗೊತ್ತಿರಲಿಲ್ಲ, ನಮ್ಮ ಮನಿ ರೀತಿ ತಾಟ ತೊಳದ ಕುಡದೆ. ಆಕಿ ಖಾಲಿ ತಾಟನ್ನ ನೋಡಿದ್ಲು. ಅವತ್ತಿಂದ ಅರ್ಧ ಬಿಡಾಕತ್ತೇನಿ. ಇಲ್ಲಿ ಉಣ್ಣುವಾಗೂ ಆಕಿ ನೋಡಿದಂಗ ಆಗತೈತಿ. ಹೊರಡೂ ದಿನ ಬಾವಿ ಕಡೆ ಕೈ ಮಾಡಿ ಏನೋ ಕೇಳಿದ್ಲು. ಇನ್ನ ಇದನ್ನ ಯಾರ ಕಾಯ್ತಾರ ಅಂತ ಕೇಳಾಕತ್ತಾಳ ಅಂದ್ರು, ಭಾಷಾ ಬಲ್ಲವ್ರು. ನಾ ಲಾರಿ ಹತ್ತಿದೆ.”

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ್ದಳು. ಅಂದು ಮೊದಲ ರೊಟ್ಟಿಯನ್ನು ಬೇರೆ ತಾಟಿನಲ್ಲಿಟ್ಟು ಮುಚ್ಚಿದಳು. ಆಮೇಲೆ ಮಂಜಾದ ಕಣ್ಣಲ್ಲೇ ತಡವರಿಸುತ್ತ ಮಗನಿಗೆ ಬಡಿಸಿದಳು.

“ಆಕಿ ಪಾಲು ತಗದ ಇಟ್ಟೇನಿ. ನಿಂದು ನೀ ಉಣ್ಣು.”

“ಆಕಿ ಬರಾಂಗಿಲ್ಲಬೇ ಅವ್ವಾ.”

“ಗೊತ್ತೈತಿ. ಬಾಗಲಕ್ಕ ಬಂದವರಿಗೆ ಕೊಡೂಣು.”

ತಮ್ಮ ಉಂಡು, ತಾಟಿಗೆ ನೀರು ಹಾಕಿ ತೊಳೆದ. ಕುಡಿಯಲೆಂದು ಎತ್ತಿದವನು ಹಾಗೇ ಹಿಡಿದು ಕೂತ. ಅವ್ವ ಬೆನ್ನ ಮೇಲೆ ಕೈಯಿಟ್ಟಳು. ಕುಡಿದ.

ಮರುವರ್ಷ ಅವ್ವ ಲಿಂಗೈಕ್ಯಳಾದಳು. ಕೆಲವು ತಿಂಗಳಾದರೂ ಮಗನಿಗೆ ಕೈಯಾರೆ ಬಡಿಸಿ ಹೋದಳು. ಅಷ್ಟು ಶಿವ ಕೊಟ್ಟ. ಆ ಬಾವಿ ಯಾರ ಕೈಗೆ ಹೋಯಿತು, ಮುದುಕಿ ಏನಾದಳು, ತಿಳಿಯಲಿಲ್ಲ. ನಾನೂ ಮೊದಲ ರೊಟ್ಟಿ ತೆಗೆದಿಡುತ್ತೇನೆ. ಯಾರಾದರೂ ಬಂದು ಒಯ್ಯುತ್ತಾರೆ. ಯಾರೂ ಬಾರದ ದಿನ ಅದು ಸಂಜೆಯವರೆಗೂ ಮುಚ್ಚಿದ ಹಾಗೇ ಇರುತ್ತದೆ.