ಮೊದಲ ಬಸ್ಸಿಗೆ ಗೆರೆ ಎಳೆದವನು

ಬಸ್ ಡಿಪೋದಲ್ಲಿ ನನ್ನದು ವೇಳಾಪಟ್ಟಿ ಮಾಡುವ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ತಿರುಗಬೇಕು, ಡ್ರೈವರ್ ಯಾವಾಗ ಚಹಾ ಕುಡಿಯಬೇಕು ಎನ್ನುವುದನ್ನೆಲ್ಲ ಬರೆದು ಗೋಡೆಗೆ ಅಂಟಿಸುವವನು ನಾನೇ. ನಾನು ಮಾತ್ರ ಬಸ್ಸು ಹತ್ತುವುದು ಅಪರೂಪ. ಮನೆ ಡಿಪೋದ ಹಿಂದಿನ ಬೀದಿಯಲ್ಲೇ ಇದೆ, ನಡೆದುಕೊಂಡು ಬರುತ್ತೇನೆ. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗಾಯಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದಕ್ಕೆಲ್ಲ ಉತ್ತರ ಕೊಡುತ್ತ ಕೂತರೆ ಬಸ್ಸುಗಳು ಹೊರಡುವುದಿಲ್ಲ.

ಈ ವರ್ಷದ ಮೊದಲಲ್ಲಿ ಮ್ಯಾನೇಜರು ನನ್ನನ್ನು ಒಂದು ತರಬೇತಿಗೆ ಕಳಿಸಿದರು. ನನ್ನ ಬುದ್ಧಿ ಮೆಚ್ಚಿಯೇನಲ್ಲ, ಮಿಕ್ಕವರೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಹೊಗೆ ಕಡಿಮೆ ಮಾಡುವುದು ಹೇಗೆ, ಪರಿಸರ ಉಳಿಸುವುದು ಹೇಗೆ ಎಂಬ ವಿಷಯ. ಪಾಠ ಮಾಡಿದ ಮೇಡಂ, ಯಾವ ಸಮಸ್ಯೆಯನ್ನೂ ಬಿಡಿಯಾಗಿ ನೋಡಬೇಡಿ, ಇಡೀ ವ್ಯವಸ್ಥೆಯನ್ನು ನೋಡಿ ಎಂದರು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಆ ಉಬ್ಬು ಸುತ್ತಿ ಬಳಸಿ ಒತ್ತಿದವನ ಹತ್ತಿರಕ್ಕೇ ಬರುತ್ತದೆ ಎಂದರು. ಯಾವುದರಿಂದ ಯಾವುದಕ್ಕೆ ಸಂಬಂಧ ಎಂದು ಕಾಗದದ ಮೇಲೆ ಬಾಣ ಎಳೆಯುವುದನ್ನು ಕಲಿಸಿದರು. ನನಗೆ ಬಾಣ ಎಳೆಯುವುದು ಬಹಳ ಹಿಡಿಸಿತು. ಉಳಿದದ್ದು ಅಷ್ಟಾಗಿ ತಲೆಗೆ ಹೋಗಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಊರಿಗೆ ಬಂದವನಿಗೆ ಕೊಂಬು ಮೂಡಿತ್ತು. ಮಗಳು ಬಚ್ಚಲಲ್ಲಿ ಹೊತ್ತು ಕಳೆಯುವುದರಿಂದ ಹಿಡಿದು ನನ್ನ ಸಿಟ್ಟಿನವರೆಗೆ ಬಾಣಗಳ ಒಂದು ಸುತ್ತು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹೆಂಡತಿ ಅದನ್ನು ಕಿತ್ತು ಕಪಾಟಿನ ತಳಕ್ಕೆ ಹಾಸಿದಳು. ಡಿಪೋದಲ್ಲಿ ಎಲ್ಲರೂ ನನ್ನನ್ನು ಬಾಣದ ಸಾಹೇಬರು ಎಂದು ಕರೆಯತೊಡಗಿದರು. ಅದನ್ನು ನಾನು ಮರ್ಯಾದೆ ಎಂದೇ ತಿಳಿದಿದ್ದೆ.

ಅಷ್ಟರಲ್ಲಿ ಮೇಲಿನಿಂದ ಆಜ್ಞೆ ಬಂತು: ಡೀಸೆಲ್ ಉಳಿಸಿ, ಹೊಗೆ ಇಳಿಸಿ. ನನ್ನ ಕೋಣೆ ಇರುವುದು ವರ್ಕ್‌ಶಾಪಿನ ಮೇಲೆ. ಕೆಳಗಿನ ಗ್ರೀಸಿನ ವಾಸನೆ ನನ್ನ ಕಾಗದಗಳಿಗೂ ಹತ್ತಿರುತ್ತದೆ. ಆ ಕೋಣೆಯ ಗೋಡೆ ತುಂಬ ಡಿಪೋದ ಚಿತ್ರ ಬರೆದೆ. ಡೀಸೆಲ್, ಟೈರು, ಹೊಗೆ, ರಸ್ತೆಯ ಗುಂಡಿ, ಡ್ರೈವರನ ಬೆನ್ನುನೋವು, ಒಂದನ್ನೂ ಬಿಡಲಿಲ್ಲ. ಆಮೇಲೆ ಟಿಕೆಟ್ ಮಷಿನ್ನಿನ ವರದಿ ತೆಗೆದು ನೋಡಿದರೆ, ಗುಡ್ಡದ ಮೇಲಿನ ಬಡಾವಣೆಯಿಂದ ನಸುಕಿನಲ್ಲಿ ಹೊರಟು ಮಾರುಕಟ್ಟೆ ದಾಟಿ ಆಸ್ಪತ್ರೆಗೆ ಹೋಗುವ ಮೊದಲ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ದಿನಾ ಅದೇ ಕಥೆ. ಖಾಲಿ ಬಸ್ಸು ಸುಮ್ಮನೆ ಹೊಗೆ ಬಿಟ್ಟುಕೊಂಡು ಗುಡ್ಡ ಹತ್ತಿ ಇಳಿಯುತ್ತಿದೆ! ಕೆಂಪು ಪೆನ್ಸಿಲ್ ತೆಗೆದು ಅದರ ಮೇಲೆ ಗೆರೆ ಎಳೆದೆ. ಮ್ಯಾನೇಜರು ಬೆನ್ನು ತಟ್ಟಿದರು. ಅವರು ತಟ್ಟಿದ್ದು ಸಾಲದೆಂದು ಮನೆಗೆ ಬಂದು ನಾನೂ ಒಂದು ಸಲ ತಟ್ಟಿಕೊಂಡೆ.

ಕೆಲವು ವಾರ ಕಳೆದ ಮೇಲೆ ಗುಡ್ಡದ ಎರಡನೆಯ ಬಸ್ಸಿನಲ್ಲೂ ಟಿಕೆಟ್ ಕಡಿಮೆಯಾಯಿತು. ಆಮೇಲೆ ಮೂರನೆಯದರಲ್ಲಿ, ಆಮೇಲೆ ಸಂಜೆಯದರಲ್ಲಿ. ಜನಕ್ಕೆ ತಿರುಗಾಟವೇ ಬೇಡವಾಗಿದೆ, ಒಳ್ಳೆಯದೇ ಆಯಿತು ಎಂದುಕೊಂಡು ಪೆನ್ಸಿಲ್ ಚೂಪು ಮಾಡಿದೆ.

ಆಗ ಒಂದು ಸಂಜೆ ಭಾವನ ಫೋನು ಬಂತು. ನಿಮ್ಮಕ್ಕನ ಕಾಲು ಒಂದು ಸಲ ನೋಡಿಕೊಂಡು ಹೋಗಯ್ಯ ಎಂದರು.

ಅಮ್ಮ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುವ ಹುಡುಗ. ಓದು ಬಿಟ್ಟು, ಕೆಲಸಕ್ಕೆ ಸೇರಿ, ನನ್ನನ್ನು ಓದಿಸಿ ದೊಡ್ಡವನನ್ನು ಮಾಡಿದವಳು ಅಕ್ಕ. ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ತೊಳೆದು ಅಣಿ ಮಾಡುವುದು ಅವಳ ಕೆಲಸ. ಈ ವರ್ಷವಷ್ಟೇ ಬೆಳಗಿನ ತಂಡಕ್ಕೆ ಅವಳನ್ನು ಮೇಲ್ವಿಚಾರಕಿ ಮಾಡಿದ್ದರು. ಥಿಯೇಟರಿನ ಬೀಗದ ಕೈ ಅವಳ ಸೊಂಟದಲ್ಲಿ ಇರುತ್ತಿತ್ತು. ಅವಳು ಹೋಗಿ ಬಾಗಿಲು ತೆಗೆದ ಮೇಲೆಯೇ ಮಿಕ್ಕದ್ದೆಲ್ಲ. ಅಕ್ಕ ನಸುಕಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಹೋಗುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ. ಇಡೀ ವ್ಯವಸ್ಥೆಯನ್ನು ನೋಡುವ ಮಹಾನುಭಾವನಿಗೆ ಒಡಹುಟ್ಟಿದವಳು ಕಣ್ಣಿಗೆ ಬಿದ್ದಿರಲಿಲ್ಲ.

ಹೋದಾಗ ಅಕ್ಕ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟು ಕೂತಿದ್ದಳು. ಹಿಮ್ಮಡಿ ಎರಡೂ ಬೊಬ್ಬೆಯೆದ್ದು ಒಡೆದಿದ್ದವು. ಏನಾಯಿತೆಂದು ಕೇಳಿದರೆ, ಬಿಡೋ, ಚಪ್ಪಲಿ ಕಚ್ಚಿದೆ ಎಂದಳು. ಭಾವ ಸುಮ್ಮನಿರಲಿಲ್ಲ. ಗುಡ್ಡದಿಂದ ಆಸ್ಪತ್ರೆಗೆ ಕತ್ತಲಲ್ಲೇ ನಡೆದು ಹೋಗುತ್ತಿದ್ದಾಳೆ, ಬಸ್ಸು ನಿಂತುಹೋಯಿತಲ್ಲ ಎಂದರು. ಈಗಾಗಲೇ ಒಂದೆರಡು ಸಲ ತಡವಾಗಿದೆಯಂತೆ. ಇನ್ನೊಮ್ಮೆ ತಡವಾದರೆ ಬೀಗದ ಕೈ ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದಾರಂತೆ.

ಆ ಬಸ್ಸಿನಲ್ಲಿ ಜನವೇ ಇರಲಿಲ್ಲವಲ್ಲ ಎಂದು ತೊದಲಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ನಿಂತುಕೊಂಡು ಹೋಗುತ್ತಿದ್ದೆವು ಕಣೋ ಎಂದಳು. ಆಸ್ಪತ್ರೆಯವರು, ಬೇಕರಿಯವರು, ಮಾರುಕಟ್ಟೆ ಗುಡಿಸುವವರು ಎಲ್ಲರಿಗೂ ಅದೊಂದೇ ಬಸ್ಸು. ಇದನ್ನು ಓಡಿಸುವುದು ನನ್ನ ತಮ್ಮ ಬರೆದ ಟೈಮಿಗೆ ಎಂದು ಬಸ್ಸಿನ ತುಂಬ ಹೇಳಿಕೊಂಡು ತಿರುಗುತ್ತಿದ್ದಳಂತೆ. ಬಸ್ಸು ನಿಂತ ಮೇಲೆ ಆ ಬಸ್ಸಿನ ಹೆಂಗಸರೆಲ್ಲ ಸೇರಿ ಅವಳ ಜೀವ ತಿಂದಿದ್ದರು.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಓದಿದವನು, ಏನೋ ಯೋಚನೆ ಮಾಡೇ ನಿಲ್ಲಿಸಿರ್ತೀಯ ಅಂದ್ಕೊಂಡೆ," ಅಂದಳು.

ಅವಳು ಎರಡು ಬಿಗಿದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ.

ಮಾರನೆಯ ದಿನ ಆ ಬಸ್ಸಿನ ಕಂಡಕ್ಟರನನ್ನು ಹಿಡಿದೆ. ಸಂಗತಿ ಇಷ್ಟೇ. ಅದರಲ್ಲಿ ಹತ್ತುವವರೆಲ್ಲ ತಿಂಗಳ ಪಾಸಿನವರು. ಒಬ್ಬೊಬ್ಬರ ಪಾಸು ನೋಡಿ ಮಷಿನ್ನಿನ ಗುಂಡಿ ಒತ್ತಬೇಕು, ಆಗಲೇ ಅದು ಲೆಕ್ಕಕ್ಕೆ ಬರುವುದು. ಈ ಪುಣ್ಯಾತ್ಮ ಗುಂಡಿಯನ್ನೇ ಒತ್ತುತ್ತಿರಲಿಲ್ಲ. ದಿನಾ ನೋಡುವ ಮುಖಗಳು ಸಾರ್, ನಮ್ಮೋರ ಹತ್ರ ಪಾಸು ತೋರಿಸು ಅನ್ನೋಕೆ ಬಾಯಿ ಬರಲ್ಲ ಎಂದು ತಲೆ ಕೆರೆದುಕೊಂಡ. ಅವನನ್ನು ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವನು ಗುಂಡಿ ಒತ್ತದ ಸೋಮಾರಿಯಾದರೂ ಅಲ್ಲಿ ಜನ ಇದ್ದಾರೆ ಎಂದು ಅವನಿಗೆ ಗೊತ್ತಿತ್ತು. ನಾನು ಗುಡ್ಡಕ್ಕೆ ಹೋಗಿ ಒಂದು ಬೆಳಿಗ್ಗೆ ಕಣ್ಣುಬಿಟ್ಟು ನೋಡಿದ್ದರೆ ಮುಗಿಯುತ್ತಿತ್ತು.

ಮ್ಯಾನೇಜರ ಮುಂದೆ ಕೈ ಕಟ್ಟಿ ನಿಂತೆ. ಆ ಬಸ್ಸನ್ನು ಆಗಲೇ ಬೇರೆ ದಾರಿಗೆ ಹಾಕಿ ಆಗಿತ್ತು, ಡ್ರೈವರನ ಪಾಳಿ ಬದಲಾಗಿತ್ತು. ಕಿತ್ತು ಹಾಕುವುದಕ್ಕೆ ಒಂದು ಗೆರೆ ಸಾಕಾಗಿತ್ತು, ಮತ್ತೆ ತರುವುದಕ್ಕೆ ಮೆಟ್ಟಿಲು ಹತ್ತಿ ಇಳಿದು ನನ್ನ ಚಪ್ಪಲಿ ಸವೆಯಿತು.

ಅಷ್ಟು ದಿನ ಗುಡ್ಡದ ಜನ ನನಗಾಗಿ ಕಾದು ಕೂರಲಿಲ್ಲ. ಮನೆಗೊಂದರಂತೆ ಸ್ಕೂಟರ್ ಕೊಂಡಿದ್ದರು. ನಸುಕಿಗೆಂದು ಕೊಂಡ ಗಾಡಿ ಮನೆಯಲ್ಲಿರುವಾಗ ಸಂಜೆಯ ಬಸ್ಸಿಗೆ ಯಾರು ಕಾಯುತ್ತಾರೆ? ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ಅದೇ, ತರಕಾರಿಗೂ ಅದೇ. ಎರಡನೆಯ, ಮೂರನೆಯ ಬಸ್ಸುಗಳು ಯಾಕೆ ಖಾಲಿಯಾದವೆಂದು ಆಗ ತಲೆಗೆ ಹೊಳೆಯಿತು. ಒಂದು ಬಸ್ಸಿನ ಹೊಗೆ ಉಳಿಸಲು ಹೋಗಿ ಇಡೀ ಗುಡ್ಡಕ್ಕೆ ಹೊಗೆ ಹಂಚಿದ್ದೆ.

ಅಕ್ಕನೂ ಒಂದು ಹಳೆಯ ಸ್ಕೂಟರ್ ತಂದಳು. ಈ ವಯಸ್ಸಿನಲ್ಲಿ ಬೇಡ, ಬಸ್ಸು ತಂದೇ ತರುತ್ತೇನೆ ಎಂದರೆ ಕೇಳಲಿಲ್ಲ. ಭಾನುವಾರಗಳಂದು ಶಾಲೆಯ ಮೈದಾನದಲ್ಲಿ ಅವಳು ಮುಂದೆ, ಸೀಟು ಹಿಡಿದುಕೊಂಡು ಏದುಸಿರು ಬಿಡುತ್ತ ನಾನು ಹಿಂದೆ. ಮೈದಾನದ ಮಕ್ಕಳಿಗೆ ಪುಕ್ಕಟೆ ಮನರಂಜನೆ. ಎರಡು ಸಲ ಬಿದ್ದಳು, ಎರಡು ಸಲವೂ ನನ್ನ ಮೇಲೆಯೇ. ನೀನು ಹಿಡಿದುಕೊಳ್ಳುವುದರಿಂದಲೇ ವಾಲುತ್ತಿದೆ, ಬಿಡು ಎಂದು ಗದರಿದಳು. ಬಿಟ್ಟೆ. ನೆಟ್ಟಗೆ ಹೋದಳು. ಅವಳು ಮತ್ತೆ ತಡ ಮಾಡಲಿಲ್ಲ, ಬೀಗದ ಕೈ ಅವಳ ಸೊಂಟದಲ್ಲೇ ಉಳಿಯಿತು.

ಕೊನೆಗೂ ಮೊದಲ ಬಸ್ಸು ಮರಳಿ ಬಂತು. ಆ ದಿನ ನಸುಕಿಗೇ ಎದ್ದು ಗುಡ್ಡದ ನಿಲ್ದಾಣದಲ್ಲಿ ಹೋಗಿ ನಿಂತೆ. ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಕಂಡಕ್ಟರ್ ಮಷಿನ್ನಿನ ಮೇಲೆ ಬೆರಳಿಟ್ಟುಕೊಂಡೇ ಇಳಿದ. ನಿಲ್ದಾಣದಲ್ಲಿ ನನ್ನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಪಕ್ಕದಿಂದ ಸ್ಕೂಟರುಗಳು ಒಂದರ ಹಿಂದೊಂದು ಇಳಿದು ಹೋಗುತ್ತಿದ್ದವು. ಅವುಗಳ ನಡುವೆ ಅಕ್ಕ ಬಂದಳು. ನನ್ನನ್ನು ಕಂಡು, ಎರಡೂ ಕಾಲು ನೆಲಕ್ಕೆ ಊರಿ ಗಾಡಿ ನಿಲ್ಲಿಸಿದಳು.

"ಬಸ್ಸು ಬಂದಿದೆ ಅಕ್ಕ. ಗಾಡಿ ಮನೇಲಿ ಬಿಟ್ಟು ಬಾ."

"ಇವತ್ತು ಬಂದಿದೆ. ನಾಳೆ?"

"ನಾಳೆನೂ ಬರುತ್ತೆ. ನಾನು ಹೇಳ್ತಿದ್ದೀನಲ್ಲ."

ಅಕ್ಕ ಕೈ ಚಾಚಿ ನನ್ನ ಅಂಗಿಯ ಕಾಲರ್ ಸರಿಮಾಡಿದಳು. ಅವಳ ಮುಖದಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

"ನಿಲ್ಲಿಸಿದ್ದೂ ನೀನೇ ಅಲ್ವೇನೋ," ಅಂದಳು. "ನನಗೆ ಹೊತ್ತಾಯ್ತು."

ಅಷ್ಟು ಹೇಳಿ ಹೊರಟೇಬಿಟ್ಟಳು. ಕಂಡಕ್ಟರ್, ಹತ್ತಿ ಸಾರ್ ಎಂದ. ಹತ್ತಿ ಕೂತೆ. ಬೇಕಾದ ಸೀಟು ಆರಿಸಿಕೊಳ್ಳುವ ಅನುಕೂಲವಿತ್ತು, ಮುಂದಿನ ಗಾಜಿನ ಹತ್ತಿರದ್ದನ್ನೇ ಆರಿಸಿದೆ. ಆಸ್ಪತ್ರೆಯ ಗೇಟಿನವರೆಗೂ ನಮ್ಮ ಬಸ್ಸು ಅಕ್ಕನ ಸ್ಕೂಟರಿನ ಹಿಂದೆಯೇ ಹೋಯಿತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಹೊಸದಾಗಿ ಗಾಡಿ ಕಲಿತವಳು, ತಿರುಗಿ ನೋಡುವ ಧೈರ್ಯ ಇನ್ನೂ ಬಂದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.